ದಾನದ ಪಾಲು ಮೊದಲ ದೇಗಿನಿಂದಲೇ ಹೋಗಲಿ

ನಿಕಾಹ್, ವಲೀಮಾ, ಅಕೀಕಾ, ರಮಝಾನಿನ ಇಫ್ತಾರ್ ಕೂಟ, ಹೀಗೆ ನಮ್ಮಲ್ಲಿ ಊಟವಿಲ್ಲದ ಕೂಟ ಕಡಿಮೆ. ಮೈಸೂರಿನ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಉದಯಗಿರಿ, ರಾಜೀವನಗರಗಳಲ್ಲಿ ಮದುವೆಯ ದಿನಗಳು ಬಂದರೆ ಬಾವರ್ಚಿಗಳಿಗೆ ನಿದ್ದೆ ಇರುವುದಿಲ್ಲ. ಬೆಳಗಿನ ಜಾವ ಒಲೆ ಹತ್ತುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ದಮ್ ಬಿರಿಯಾನಿ ಸಿದ್ಧ. ಒಂದು ಗಂಟೆಗೆ ಶುರುವಾದ ಪಂಕ್ತಿ ನಾಲ್ಕರವರೆಗೂ ನಡೆಯುತ್ತದೆ. ಐದು ಗಂಟೆಗೆ ಸಭಾಂಗಣ ಖಾಲಿ ಮಾಡಬೇಕಾದಾಗ ಉಳಿದ ಅನ್ನವನ್ನು ಬಕೆಟ್ಟುಗಳಿಗೆ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಪಾತ್ರೆ ತೊಳೆದವರಿಗೆ, ಕೂಲಿಕಾರರ ಶೆಡ್ಡುಗಳಿಗೆ, ಕೆಲವೊಮ್ಮೆ ಅನಾಥ ಮಕ್ಕಳ ನಿಲಯಕ್ಕೆ ಕಳುಹಿಸುತ್ತೇವೆ. ಕಳುಹಿಸುವವರ ಮನಸ್ಸು ಒಳ್ಳೆಯದೇ. ಅನ್ನ ಪೋಲಾಗಬಾರದು, ಹಸಿದವರ ಹೊಟ್ಟೆ ಸೇರಬೇಕು ಎಂಬ ಕಾಳಜಿ ಅದರಲ್ಲಿದೆ.

ಆಗ ಎರಡು ಮಾತು ಕೇಳಿಬರುತ್ತವೆ. ಒಂದು, “ವಾಸನೆ ಏನೂ ಬಂದಿಲ್ಲ, ಚೆನ್ನಾಗಿಯೇ ಇದೆ.” ಇನ್ನೊಂದು, “ಮನೆಗೆ ಹೋಗಿ ಒಮ್ಮೆ ಬಿಸಿ ಮಾಡಿಕೊಳ್ಳಿ, ಏನೂ ಆಗೋದಿಲ್ಲ.” ಈ ಎರಡು ಮಾತೂ ತಪ್ಪು ಎಂಬುದೇ ಈ ಲೇಖನದ ವಾದ. ಏಕೆ ತಪ್ಪು ಎಂದು ತಿಳಿಯಬೇಕಾದರೆ, ರೋಗಾಣುಗಳು ತಮ್ಮ ವಿಷವನ್ನು ಯಾವಾಗ ತಯಾರಿಸುತ್ತವೆ, ಯಾವಾಗ ಸುಮ್ಮನಿರುತ್ತವೆ ಎಂಬುದನ್ನು ಸ್ವಲ್ಪ ಅರಿಯಬೇಕು.

ಮೂಗಿನಲ್ಲಿ ಮನೆ ಮಾಡಿದ ಜೀವಿ

ಹೊಟ್ಟೆ ಕೆಡಿಸುವ ಸೂಕ್ಷ್ಮಾಣುಗಳು ಹಲವಾರು ಇವೆ. ಅವುಗಳಲ್ಲಿ ಕೂಟದ ಊಟಕ್ಕೆ ಹೆಚ್ಚು ಸಂಬಂಧಿಸಿದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುವ ಈ ಬ್ಯಾಕ್ಟೀರಿಯಾ ಎಲ್ಲಿಂದಲೋ ಬರುವಂಥದ್ದಲ್ಲ. ಆರೋಗ್ಯವಂತರಲ್ಲೇ ಸುಮಾರು ನಾಲ್ವರಲ್ಲಿ ಒಬ್ಬರ ಮೂಗಿನೊಳಗೆ ಅದು ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಚರ್ಮದ ಮೇಲೆ, ಬೊಕ್ಕೆಯಲ್ಲಿ, ಕುರುವಿನಲ್ಲಿ, ಕೀವಾದ ಗಾಯದಲ್ಲಿ ಅದರ ಸಂಖ್ಯೆ ಬಹಳ ಹೆಚ್ಚು. ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲೂ ಅದು ಇರಬಹುದು.

ಅಡುಗೆಯ ಬೆಂಕಿಗೆ ಇದು ಸುಲಭವಾಗಿ ಸಾಯುತ್ತದೆ. ದಮ್ ಕಟ್ಟಿದ ದೇಗಿನೊಳಗೆ ಇದಕ್ಕೆ ಉಳಿಗಾಲವಿಲ್ಲ. ತೊಂದರೆ ಶುರುವಾಗುವುದು ಬೆಂದ ನಂತರ. ಬೆಂದ ಕೋಳಿಯನ್ನು ಕೈಯಿಂದ ಬಿಡಿಸುವಾಗ, ಉಗುರುಬೆಚ್ಚಗಿನ ಅನ್ನವನ್ನು ಕೈಯಿಂದ ಚೀಲಕ್ಕೆ ತುಂಬುವಾಗ, ಫಿರ್ನಿಯನ್ನು ಬಟ್ಟಲಿಗೆ ಹಾಕಿ ಬೆರಳಿನಿಂದ ಅಂಚು ಒರೆಸುವಾಗ, ಖೋವಾದ ಸಿಹಿಯನ್ನು ಉಂಡೆ ಕಟ್ಟುವಾಗ ಅದು ಕೈಯಿಂದ ಆಹಾರಕ್ಕೆ ದಾಟುತ್ತದೆ. ಹಸಿ ಆಹಾರದಲ್ಲಾದರೆ ಬೇರೆ ಬ್ಯಾಕ್ಟೀರಿಯಾಗಳ ಪೈಪೋಟಿಯಿಂದ ಅದು ಹಿಂದೆ ಬೀಳುತ್ತದೆ. ಬೆಂದ ಆಹಾರದಲ್ಲಿ ಆ ಪೈಪೋಟಿಯವರೆಲ್ಲ ಸತ್ತಿರುತ್ತಾರೆ. ಮೈದಾನ ಇದೊಂದಕ್ಕೇ ಬಿಟ್ಟುಕೊಟ್ಟಂತೆ. ಉಪ್ಪು ಹೆಚ್ಚಾದರೆ ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಸೊರಗುತ್ತವೆ, ಇದು ಸೊರಗುವುದಿಲ್ಲ.

ರೋಗಾಣು ಬೇರೆ, ವಿಷ ಬೇರೆ

1914ರಲ್ಲಿ ಫಿಲಿಪೀನ್ಸ್‌ನಲ್ಲಿ ಬಾರ್ಬರ್ ಎಂಬ ಸಂಶೋಧಕ ಒಂದು ವಿಚಿತ್ರವನ್ನು ಗಮನಿಸಿದರು. ಕೆಚ್ಚಲು ಬಾವಿದ್ದ ಹಸುವಿನ ಹಾಲನ್ನು ಕರೆದ ಕೂಡಲೇ ಕುಡಿದರೆ ಏನೂ ಆಗುತ್ತಿರಲಿಲ್ಲ. ಅದೇ ಹಾಲನ್ನು ಕೆಲವು ಗಂಟೆ ಹೊರಗೆ ಇಟ್ಟು ಕುಡಿದರೆ ವಾಂತಿ ಶುರುವಾಗುತ್ತಿತ್ತು. ಅವರು ಇದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು ಖಚಿತಪಡಿಸಿಕೊಂಡರು. ರೋಗಾಣು ಎರಡೂ ಸಲ ಹಾಲಿನಲ್ಲಿತ್ತು. ನಡುವೆ ಸೇರಿಕೊಂಡದ್ದು ಸಮಯ ಮಾತ್ರ.

1930ರಲ್ಲಿ ಶಿಕಾಗೋದ ಡ್ಯಾಕ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಜನರಿಗೆ ವಾಂತಿ ತರಿಸಿದ ಕೆನೆ ತುಂಬಿದ ಕೇಕಿನಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಬೆಳೆಸಿದ ದ್ರವವನ್ನು ಒಂದೂ ಬ್ಯಾಕ್ಟೀರಿಯಾ ಉಳಿಯದಂತೆ ಸೋಸಿ ಸ್ವಯಂಸೇವಕರಿಗೆ ಕುಡಿಸಿದರು. ಆ ದ್ರವದಲ್ಲಿ ಜೀವಂತ ರೋಗಾಣು ಇರಲಿಲ್ಲ, ಆದರೂ ಅವರಿಗೆ ವಾಂತಿಯಾಯಿತು. ಕಾಯಿಲೆ ತರುವುದು ರೋಗಾಣು ಬಿಟ್ಟುಹೋದ ವಿಷ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಈ ವಿಷದ ಗುಣವನ್ನು ನಾವು ಮರೆಯಬಾರದು. ಬ್ಯಾಕ್ಟೀರಿಯಾ ಕುದಿಯುವ ನೀರಿನಲ್ಲಿ ಬೇಗ ಸಾಯುತ್ತದೆ. ವಿಷವೋ ಅರ್ಧ ಗಂಟೆ ಕುದಿಸಿದ ಮೇಲೂ ಉಳಿಯಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ ಪ್ರಮಾಣವೇ ಒಬ್ಬ ಮನುಷ್ಯನನ್ನು ಮಲಗಿಸಲು ಸಾಕು. ಹಾಗಾಗಿ ಮೂಗು ಹಿಡಿದು ನೋಡಿ “ಕೆಟ್ಟಿಲ್ಲ” ಎನ್ನುವುದು ಪರೀಕ್ಷೆಯಲ್ಲ. “ಬಿಸಿ ಮಾಡಿಕೊಳ್ಳಿ” ಎನ್ನುವುದೂ ಪರಿಹಾರವಲ್ಲ. ಬಿಸಿ ಮಾಡಿದರೆ ಕಳ್ಳ ಸಾಯುತ್ತಾನೆ, ಆದರೆ ಅವನು ಅನ್ನಕ್ಕೆ ಬೆರೆಸಿದ ವಿಷ ಅಲ್ಲಿಯೇ ಇರುತ್ತದೆ.

ವಿಷದ ಗುಂಡಿ ಒತ್ತುವವರು ಯಾರು?

ಈ ಬ್ಯಾಕ್ಟೀರಿಯಾದ ಬಳಿ ವಿಷ ತಯಾರಿಸುವ ಸೂತ್ರ, ಅಂದರೆ ವಂಶವಾಹಿ, ಯಾವಾಗಲೂ ಇರುತ್ತದೆ. ಆದರೆ ಅದು ಯಾವಾಗಲೂ ವಿಷ ತಯಾರಿಸುತ್ತಾ ಕೂರುವುದಿಲ್ಲ. ವಿಷ ತಯಾರಿಸಲು ಆಹಾರವೂ ಶಕ್ತಿಯೂ ಖರ್ಚಾಗುತ್ತದೆ. ಹತ್ತಾರು ಜೀವಿಗಳಷ್ಟೇ ಇದ್ದಾಗ ಆ ಖರ್ಚಿನಿಂದ ಲಾಭವಿಲ್ಲ. ಆಗ ಅದು ಅಂಟಿಕೊಂಡು ನೆಲೆಯೂರುವ ಕೆಲಸ ಮಾಡುತ್ತದೆ. ಸಂಖ್ಯೆ ದೊಡ್ಡದಾದಾಗ ಆ ಕೆಲಸ ತಗ್ಗಿಸಿ ವಿಷದ ಗುಂಡಿ ಒತ್ತುತ್ತದೆ.

ತಾವು ಎಷ್ಟು ಮಂದಿ ಇದ್ದೇವೆ ಎಂದು ಕಣ್ಣಿಲ್ಲದ ಈ ಜೀವಿಗಳಿಗೆ ತಿಳಿಯುವುದು ಹೇಗೆ? ಶಾದಿ ಮಹಲ್‌ಗೆ ಅತ್ತರು ಹಚ್ಚಿಕೊಂಡ ಒಬ್ಬರು ಬಂದರೆ ಆ ಪರಿಮಳ ಗಾಳಿಯಲ್ಲಿ ಕರಗಿ ಹೋಗುತ್ತದೆ. ಇನ್ನೂರು ಮಂದಿ ಬಂದು ಕುಳಿತರೆ ಸಭಾಂಗಣವೇ ಘಮಘಮಿಸುತ್ತದೆ. ಕಣ್ಣು ಮುಚ್ಚಿಕೊಂಡವನಿಗೂ ಜನ ತುಂಬಿದ್ದಾರೆಂದು ಗೊತ್ತಾಗುತ್ತದೆ. ಬ್ಯಾಕ್ಟೀರಿಯಾಗಳ ಲೆಕ್ಕವೂ ಹೀಗೆಯೇ. ಪ್ರತಿಯೊಂದೂ ಪ್ರೋಟೀನಿನ ಒಂದು ಪುಟ್ಟ ತುಣುಕನ್ನು ಹೊರಗೆ ಬಿಡುತ್ತಿರುತ್ತದೆ. ಗುಂಪು ದೊಡ್ಡದಾದಂತೆ ಸುತ್ತಲೂ ಆ ತುಣುಕು ದಟ್ಟವಾಗುತ್ತದೆ. ಜೀವಕೋಶದ ಗೋಡೆಯ ಬಳಿಯಿರುವ ಒಂದು ಗ್ರಾಹಕ ಅದನ್ನು ಹಿಡಿದು ಒಳಗೆ ಸುದ್ದಿ ಮುಟ್ಟಿಸುತ್ತದೆ. ಒಳಗೆ ಆರ್‌ಎನ್‌ಎ ಮೂರು ಎಂಬ ಒಂದು ಅಣು ತಯಾರಾಗಿ, ಅಂಟಿಕೊಳ್ಳುವ ಪ್ರೋಟೀನುಗಳನ್ನು ತಗ್ಗಿಸಿ ವಿಷಗಳ ತಯಾರಿಕೆಯನ್ನು ಏರಿಸುತ್ತದೆ. 1980ರ ದಶಕದಲ್ಲಿ ಪತ್ತೆಯಾದ ಈ ವ್ಯವಸ್ಥೆಗೆ ವಿಜ್ಞಾನಿಗಳು ‘ಎಜಿಆರ್’ ಎಂದು ಹೆಸರಿಟ್ಟಿದ್ದಾರೆ. ಇದಕ್ಕೆ ಬೆಂಬಲವಾಗಿ ನಿಲ್ಲುವ ಇನ್ನೊಂದು ನಿಯಂತ್ರಕ ವಂಶವಾಹಿಯೂ ಇದೆ. ಅದರ ಹೆಸರು ‘ಸಾರ್’.

ಈ ‘ಸಾರ್’ ಹೆಸರು ನಮ್ಮ ಊರಿಗೆ ದೂರದ್ದಲ್ಲ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆಯ ವಿಜ್ಞಾನಿಗಳು ಇದರ ಮೇಲೆ ಕೆಲಸ ಮಾಡಿದ್ದಾರೆ. ಈ ಬ್ಯಾಕ್ಟೀರಿಯಾದ ಕರುಳು ವಿಷಗಳಲ್ಲಿ ಬಗೆಗಳು ಅನೇಕ. ಒಂದೊಂದರ ವಂಶವಾಹಿಯನ್ನೂ ಬೇರೆ ಬೇರೆಯಾಗಿ ಹುಡುಕುವುದು ದೊಡ್ಡ ಕೆಲಸ. ಅದರ ಬದಲು, ವಿಷ ತಯಾರಿಸಬಲ್ಲ ಸ್ಟ್ಯಾಫಿಲೊಕಾಕಸ್‌ಗಳ ಗುರುತಾಗಿ ಈ ನಿಯಂತ್ರಕ ವಂಶವಾಹಿಯನ್ನೇ ಬಳಸಿ ಅವನ್ನು ಪತ್ತೆ ಮಾಡುವ ಬಗೆಯನ್ನು ಅವರು 2003ರಲ್ಲಿ ಪ್ರಕಟಿಸಿದರು. ನಮ್ಮ ಮದುವೆ ಊಟದ ಒಲೆಗಳಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಇಂಥ ಅರಿವು ಬೆಳೆಯುತ್ತಿದ್ದರೂ ಅದು ದೇಗಿನ ಪಕ್ಕಕ್ಕೆ ಬಂದು ತಲುಪಿಲ್ಲ. ಇದು ನನ್ನ ಮೊದಲ ದೂರು. ದೂರು ವಿಜ್ಞಾನಿಗಳ ಮೇಲಲ್ಲ, ಕೇಳಿ ತಿಳಿಯದ ನಮ್ಮ ಮೇಲೆಯೇ.

ಗಡಿಯಾರವೇ ಮುಖ್ಯ

ಈ ಲೆಕ್ಕವನ್ನು ಊಟಕ್ಕೆ ಅನ್ವಯಿಸಿ ನೋಡೋಣ. ಒಂದು ಗ್ರಾಂ ಆಹಾರದಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಸುಮಾರು ಒಂದು ಲಕ್ಷ ದಾಟಿದರೆ ಕಾಯಿಲೆ ತರುವಷ್ಟು ವಿಷ ಸೇರುವ ಸಾಧ್ಯತೆ ಇದೆ. ಬೆಚ್ಚಗಿನ, ಪೌಷ್ಟಿಕವಾದ ಆಹಾರದಲ್ಲಿ ಈ ಜೀವಿ ಸುಮಾರು ಅರ್ಧ ಗಂಟೆಗೊಮ್ಮೆ ಎರಡಾಗಬಲ್ಲದು. ಗಾಯವಿದ್ದ ಕೈಯಿಂದ ಗ್ರಾಮಿಗೆ ಒಂದು ಸಾವಿರ ಬಿದ್ದವು ಎಂದುಕೊಳ್ಳಿ. ಏಳು ಸಲ ಇಮ್ಮಡಿಯಾದರೆ ಒಂದು ಲಕ್ಷ ದಾಟುತ್ತದೆ. ಅಂದರೆ ಮೂರೂವರೆ ಗಂಟೆ. ಒಂದು ಗಂಟೆಯ ಪಂಕ್ತಿಗೆ ತೆರೆದಿಟ್ಟ ತಟ್ಟೆ ಐದು ಗಂಟೆಗೆ ಚೀಲಕ್ಕೆ ಸೇರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ. ಚೀಲ ಯಾರದೋ ಮನೆ ಸೇರಿ ರಾತ್ರಿ ಎಂಟಕ್ಕೆ ಮಕ್ಕಳ ತಟ್ಟೆಗೆ ಬಂದಾಗ ಎಷ್ಟಾಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಹಾಗೆಂದು “ಗುಂಪು ಸೇರುವವರೆಗೆ ಭಯವಿಲ್ಲ” ಎಂದು ನೆಮ್ಮದಿಯಿಂದ ಕೂರುವಂತೆಯೂ ಇಲ್ಲ. ಕರುಳು ವಿಷಗಳಲ್ಲಿ ಬಿ, ಸಿ, ಡಿ ಎಂಬ ಬಗೆಗಳು ಮುಖ್ಯವಾಗಿ ಈ ಗುಂಪು ಲೆಕ್ಕದ ಹಿಡಿತದಲ್ಲಿವೆ. ಆದರೆ ಆಹಾರದಿಂದಾಗುವ ಕಾಯಿಲೆಯಲ್ಲಿ ಹೆಚ್ಚಾಗಿ ಕಂಡುಬರುವ ಎ ಬಗೆ ಆ ಹಿಡಿತಕ್ಕೆ ಒಳಪಟ್ಟಿಲ್ಲ. ಅದರ ವಂಶವಾಹಿ ಬ್ಯಾಕ್ಟೀರಿಯಾದೊಳಗೆ ಸೇರಿಕೊಂಡ ಒಂದು ವೈರಸ್‌ನ ಭಾಗವಾಗಿ ಬಂದಿರುತ್ತದೆ. ಬೆಳವಣಿಗೆ ಜೋರಾಗಿರುವಾಗಲೇ ಆ ವಿಷ ತಯಾರಾಗತೊಡಗುತ್ತದೆ. ಆದ್ದರಿಂದ ಬೆಳೆಯಲು ಅವಕಾಶವನ್ನೇ ಕೊಡದಿರುವುದು ಎಲ್ಲ ಬಗೆಗೂ ಒಗ್ಗುವ ಒಂದೇ ದಾರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ನಿಯಮ ಸರಳ: ಬೆಂದ ಆಹಾರ 60 ಡಿಗ್ರಿಗಿಂತ ಬಿಸಿಯಾಗಿರಲಿ ಅಥವಾ 5 ಡಿಗ್ರಿಗಿಂತ ತಣ್ಣಗಿರಲಿ. ನಡುವಿನ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬೇಡಿ.

ಅನ್ನದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿಯಲ್ಲೇ ಇರುತ್ತವೆ, ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದಾಗ ಅವು ಮೊಳೆತು ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷವಂತೂ ಪ್ರೆಷರ್ ಕುಕ್ಕರಿನ ಬಿಸಿಗೂ ಜಗ್ಗುವುದಿಲ್ಲ. 1970ರ ದಶಕದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರು ವಾಂತಿಯಿಂದ ಬಳಲಿದ್ದು ಇದೇ ಕಾರಣಕ್ಕೆ. ಮೊದಲೇ ಬೇಯಿಸಿ ಹೊರಗಿಟ್ಟ ಅನ್ನವನ್ನು ಅವರು ಮತ್ತೆ ಹುರಿದು ಬಡಿಸುತ್ತಿದ್ದರು. ಹುರಿದದ್ದರಿಂದ ಏನೂ ಪ್ರಯೋಜನವಾಗಲಿಲ್ಲ.

“ನಮ್ಮ ಹಿರಿಯರು ತಿನ್ನುತ್ತಿರಲಿಲ್ಲವೇ?”

ಈ ಪ್ರಶ್ನೆ ಬಂದೇ ಬರುತ್ತದೆ. ಮರುದಿನದ ಬಿರಿಯಾನಿ ಹೆಚ್ಚು ರುಚಿ ಎಂದು ತಿಂದು ಬೆಳೆದವರೇ ನಾವೆಲ್ಲ. ಉತ್ತರ ಇಷ್ಟೇ. ಪ್ರತಿ ಕೈಯಲ್ಲೂ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಇರುವ ಎಲ್ಲ ತಳಿಗಳೂ ಕರುಳು ವಿಷ ತಯಾರಿಸುವುದಿಲ್ಲ. ತಯಾರಿಸಬಲ್ಲವಕ್ಕೂ ಬೆಳೆಯಲು ಹೊತ್ತು ಸಿಗಬೇಕು. ಈ ಮೂರೂ ಒಂದೆಡೆ ಕೂಡಿದ ದಿನ ಮಾತ್ರ ಅನಾಹುತ. ಹತ್ತು ಸಲ ಏನೂ ಆಗಲಿಲ್ಲವೆಂದರೆ ಹನ್ನೊಂದನೆಯ ಸಲಕ್ಕೆ ಅದು ಖಾತ್ರಿಯಲ್ಲ. ಮನೆಯ ಚಿಕ್ಕ ಪಾತ್ರೆಯಲ್ಲಿ ಉಳಿದದ್ದಕ್ಕೂ ಐನೂರು ಜನರ ಊಟದಲ್ಲಿ ಉಳಿದದ್ದಕ್ಕೂ ವ್ಯತ್ಯಾಸವಿದೆ. ಅಲ್ಲಿ ಒಂದು ಕೈ ತಪ್ಪಿದರೆ ಒಂದು ಮನೆ, ಇಲ್ಲಿ ಒಂದು ಕೈ ತಪ್ಪಿದರೆ ಒಂದು ಬೀದಿ.

“ಪೋಲು ಮಾಡುವುದು ತಪ್ಪಲ್ಲವೇ?” ಎಂಬುದು ಇನ್ನೊಂದು ಪ್ರಶ್ನೆ. ಖಂಡಿತ ತಪ್ಪು. ಆದರೆ ಆ ತಪ್ಪು ನಡೆಯುವುದು ಸಂಜೆ ಐದಕ್ಕಲ್ಲ. ಮುನ್ನೂರು ಜನ ಬರುವ ಕಡೆ ಐನೂರು ಜನರ ಅಕ್ಕಿ ತೊಳೆದಾಗಲೇ ಅದು ನಡೆದುಹೋಗಿರುತ್ತದೆ. ಬೆಳಗಿನ ಆಡಂಬರದ ತಪ್ಪನ್ನು ಸಂಜೆ ಬಡವರ ಹೊಟ್ಟೆಯಲ್ಲಿ ಮುಚ್ಚಿಡುವುದು ದಾನವಾಗದು.

ಇಲ್ಲಿಯೇ ನನಗೆ ಹೆಚ್ಚು ನೋವಾಗುವ ಸಂಗತಿ ಇರುವುದು. ಐದು ಗಂಟೆಯ ಆ ಅನ್ನವನ್ನು ಮದುಮಗನ ತಾಯ್ತಂದೆಯರಿಗೆ ನಾವು ಬಡಿಸುವುದಿಲ್ಲ. ಅವರಿಗೆಂದು ಬಿಸಿಯಾದ ಒಂದು ಪಾಲು ಬೇರೆ ತೆಗೆದಿಟ್ಟಿರುತ್ತೇವೆ. ಕೊನೆಯ ಪಾಲು ಹೋಗುವುದು ಯಾರ ಮನೆಗೆ? ಮಗು ರಾತ್ರಿ ವಾಂತಿ ಮಾಡಿದರೆ ಆಟೋ ಹಿಡಿದು ಆಸ್ಪತ್ರೆಗೆ ಹೋಗಲು ಕೈಯಲ್ಲಿ ಹಣವಿಲ್ಲದವರ ಮನೆಗೆ. ಮರುದಿನದ ಕೂಲಿ ತಪ್ಪಿದರೆ ಒಲೆ ಹತ್ತದವರ ಮನೆಗೆ. ತಾನು ತಿನ್ನಲು ಹಿಂಜರಿಯುವುದನ್ನು ಇನ್ನೊಬ್ಬರಿಗೆ ಕೊಡಬಾರದು ಎಂಬುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ ಪಾಠವಲ್ಲ.

ಮಾಡಬಹುದಾದದ್ದು

ನನ್ನ ಸಲಹೆ ಒಂದೇ ವಾಕ್ಯದ್ದು: ದಾನದ ಪಾಲು ಕೊನೆಯ ದೇಗಿನಿಂದಲ್ಲ, ಮೊದಲ ದೇಗಿನಿಂದ ಹೋಗಲಿ. ದಮ್ ತೆರೆದ ಕೂಡಲೇ, ಮೊದಲ ಪಂಕ್ತಿ ಕೂರುವ ಮೊದಲೇ, ಒಂದು ದೇಗಿನ ಊಟ ಬಿಸಿಬಿಸಿಯಾಗಿ ಮುಚ್ಚಿದ ಪಾತ್ರೆಯಲ್ಲಿ ನಿಲಯಕ್ಕೋ ಶೆಡ್ಡಿಗೋ ಹೊರಡಲಿ. ಅವರೂ ನಮ್ಮ ಅತಿಥಿಗಳಂತೆಯೇ ಮಧ್ಯಾಹ್ನ ಒಂದು ಗಂಟೆಗೆ ಬಿಸಿ ಊಟ ಮಾಡಲಿ. ಇದಕ್ಕೆ ಹೆಚ್ಚು ಖರ್ಚಿಲ್ಲ. ಹೇಗೂ ಉಳಿಯುತ್ತಿದ್ದ ಅನ್ನವೇ ಅದು. ಬದಲಾಗುವುದು ಹೊತ್ತು ಮಾತ್ರ, ಅದರ ಜೊತೆಗೆ ಕೊಡುವವರ ಮತ್ತು ಪಡೆಯುವವರ ಗೌರವ. ಜಮಾಅತ್‌ನವರು, ಶಾದಿ ಮಹಲ್‌ನ ಸಮಿತಿಯವರು ಮನಸ್ಸು ಮಾಡಿದರೆ ಇದು ಒಂದೇ ಋತುವಿನಲ್ಲಿ ರೂಢಿಯಾಗುತ್ತದೆ.

ಎರಡನೆಯದು ಬಾವರ್ಚಿಗಳ ವಿಷಯ. ಊಟ ಕೆಟ್ಟರೆ ಬೈಗುಳ ಅವರಿಗೆ, ಚೆನ್ನಾಗಿದ್ದರೆ ಹೊಗಳಿಕೆ ಮನೆಯವರಿಗೆ. ರಾತ್ರಿಯೆಲ್ಲ ಈರುಳ್ಳಿ ಹೆಚ್ಚುವ ಹುಡುಗನ ಬೆರಳು ಕೊಯ್ದುಕೊಂಡರೆ ಅವನು ಬಟ್ಟೆ ಸುತ್ತಿಕೊಂಡು ಮುಂದುವರಿಯುತ್ತಾನೆ, ಏಕೆಂದರೆ ರಜೆ ಹಾಕಿದರೆ ಕೂಲಿಯಿಲ್ಲ. ಕೈಯಲ್ಲಿ ಗಾಯ, ಬೊಕ್ಕೆ, ಕುರು ಇದ್ದವರನ್ನು ಆ ದಿನ ಬೆಂದ ಆಹಾರ ಮುಟ್ಟದ ಕೆಲಸಕ್ಕೆ ಹಾಕಿ ಪೂರ್ತಿ ಕೂಲಿ ಕೊಡುವುದು ಮದುವೆ ಮನೆಯವರ ಹೊಣೆ. ಅಡುಗೆ ನಡೆಯುವ ಜಾಗದಲ್ಲಿ ನಲ್ಲಿ, ಸಾಬೂನು, ಒಣ ಬಟ್ಟೆ, ಜಲರೋಧಕ ಪಟ್ಟಿ, ಕೈಗವಸು ಇರಲಿ. ಇವೆಲ್ಲದರ ಬೆಲೆ ವೇದಿಕೆಯ ಹೂವಿನ ಅಲಂಕಾರದ ಒಂದು ಮೂಲೆಗೂ ಸಮವಾಗದು.

ಕೈ ತೊಳೆಯುವ ಬಗ್ಗೆ ಒಂದು ಮಾತು. ದಿನಕ್ಕೆ ಐದು ಸಲ ವುಝೂ ಮಾಡುವವರು ನಾವು, ನಮಗೆ ಇದನ್ನು ಹೇಳಬೇಕೇ ಎಂದು ಕೆಲವರಿಗೆ ಅನಿಸಬಹುದು. ವುಝೂ ನಮಾಝಿಗಾಗಿ ಇರುವ ಶುದ್ಧಿ. ಅದರಲ್ಲಿ ಮೂಗನ್ನೂ ತೊಳೆಯುತ್ತೇವೆ, ಕೈಯಿಂದಲೇ ತೊಳೆಯುತ್ತೇವೆ. ಈ ಬ್ಯಾಕ್ಟೀರಿಯಾದ ಮುಖ್ಯ ಮನೆ ಮೂಗೇ ಆಗಿರುವುದರಿಂದ, ವುಝೂ ಮಾಡಿ ನಮಾಝ್ ಮುಗಿಸಿ ಅಡುಗೆಗೆ ಮರಳುವವರು ಮತ್ತೊಮ್ಮೆ ಸಾಬೂನಿನಿಂದ ಕೈ ತೊಳೆಯಬೇಕು. ಒಂದು ಶುದ್ಧಿ ಇನ್ನೊಂದಕ್ಕೆ ಬದಲಿಯಲ್ಲ, ಎರಡೂ ಬೇಕು.

ಮೂರನೆಯದು ನಿಜವಾಗಿಯೂ ಉಳಿದ ಅನ್ನದ ವಿಷಯ. ತೆರೆಯದೆ, ಬಿಸಿಯಾಗಿಯೇ ಉಳಿದ ದೇಗಿನದ್ದಾದರೆ ಕೂಡಲೇ ಹಂಚಿ, ಕೂಡಲೇ ಉಣ್ಣಲು ಹೇಳಿ. ಇಟ್ಟುಕೊಳ್ಳಬೇಕಿದ್ದರೆ ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ಆಳವಾದ ಪಾತ್ರೆಯಲ್ಲಿ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಪಂಕ್ತಿಯಲ್ಲಿ ತೆರೆದಿಟ್ಟು ಹೊತ್ತು ಮೀರಿದ್ದನ್ನು, ಹೊರಗೆ ಉಳಿದ ರಾಯ್ತಾ, ಫಿರ್ನಿ, ಖೀರುಗಳನ್ನು ಯಾರಿಗೂ ಕೊಡಬೇಡಿ.

ಕಾಯಿಲೆಯಾದರೆ

ಈ ವಿಷ ಹೊಟ್ಟೆ ಸೇರಿದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಇದ್ದಕ್ಕಿದ್ದಂತೆ ವಾಂತಿ, ಹೊಟ್ಟೆ ಹಿಂಡುವಿಕೆ, ಕೆಲವೊಮ್ಮೆ ಭೇದಿ ಶುರುವಾಗುತ್ತದೆ. ಹೆಚ್ಚಿನವರು ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಅಪಾಯವಿರುವುದು ನೀರು ಬತ್ತಿಹೋಗುವ ಮಕ್ಕಳಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ. ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಕುಡಿದದ್ದೆಲ್ಲ ಹೊರಬಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೆಡಿಕಲ್ ಸ್ಟೋರಿಗೆ ಓಡಿ ಆ್ಯಂಟಿಬಯೋಟಿಕ್ ಮಾತ್ರೆ ತಂದು ನುಂಗುವುದರಿಂದ ಇಲ್ಲಿ ಲಾಭವಿಲ್ಲ. ಮಾತ್ರೆ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ಈಗಾಗಲೇ ತಯಾರಾದ ವಿಷವನ್ನಲ್ಲ. ಇದೇ ಬ್ಯಾಕ್ಟೀರಿಯಾ ಗಾಯಕ್ಕೆ, ರಕ್ತಕ್ಕೆ ಸೇರಿದಾಗಲೂ ಔಷಧಿಯ ಆಯ್ಕೆ ವೈದ್ಯರದ್ದೇ ಆಗಿರಬೇಕು. ಪೆನಿಸಿಲಿನ್ ಗುಂಪಿನ ಕೆಲವು ಔಷಧಿಗಳು ಸಾಕಷ್ಟು ಪ್ರಮಾಣದಲ್ಲಿ ಇಲ್ಲದಿದ್ದರೆ ವಿಷದ ತಯಾರಿಕೆಯನ್ನು ಏರಿಸಬಲ್ಲವು, ಕ್ಲಿಂಡಮೈಸಿನ್‌ನಂಥವು ಅದನ್ನು ತಗ್ಗಿಸುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ವಿಷದ ಗುಂಡಿಯ ಅರಿವು ಚಿಕಿತ್ಸೆಗೂ ಹೀಗೆ ನೆರವಾಗುತ್ತಿದೆ. ಅರ್ಧಂಬರ್ಧ ಮಾತ್ರೆ ನುಂಗುವ ಅಭ್ಯಾಸ ಎಷ್ಟು ಅಪಾಯದ್ದೆಂದು ಇದರಿಂದಲೂ ತಿಳಿಯಬಹುದು.

ಒಂದೇ ಊಟದಿಂದ ಹಲವರಿಗೆ ಹೀಗಾದರೆ ಮುಚ್ಚಿಡಬೇಡಿ. ಮದುವೆ ಮನೆಯ ಮಾನ ಹೋಗುತ್ತದೆಂದು ಸುಮ್ಮನಾಗುವುದು ನಮ್ಮಲ್ಲಿ ಸಾಮಾನ್ಯ. ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಉಳಿದ ಆಹಾರದ ಒಂದು ಚಿಕ್ಕ ಪಾಲನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಪರೀಕ್ಷೆಗೆ ಕೊಡಿ. ಯಾವ ರೋಗಾಣು, ಎಲ್ಲಿಂದ ಬಂತು ಎಂದು ತಿಳಿದರೆ ಮುಂದಿನ ಮದುವೆ ಮನೆ ಉಳಿಯುತ್ತದೆ.

ಮುಂದಿನ ವಲೀಮಾಕ್ಕೆ ಬಾವರ್ಚಿಯ ಜೊತೆ ಕುಳಿತು ಅಕ್ಕಿ, ಮಾಂಸ, ತುಪ್ಪದ ಚೀಟಿ ಬರೆಯುವಾಗ ಕೊನೆಯಲ್ಲಿ ಎರಡು ಸಾಲು ಸೇರಿಸಿ: ಸಾಬೂನು ಮತ್ತು ಕೈಗವಸು ಇಷ್ಟು, ನಿಲಯಕ್ಕೆ ಹೋಗುವ ದೇಗು ಒಂದು, ಹೊರಡುವ ಹೊತ್ತು ಮಧ್ಯಾಹ್ನ ಹನ್ನೆರಡೂವರೆ.